ಮಾವ ಬಾಗಿಲು ಹಾಕಿದ ದಿನ

“ನೀನು ಕಣ್ಣೊಂದು ಬಿಡು. ನಾನು ಬದುಕಿರೋವರೆಗೂ ನನ್ನ ಮನೆ ಬಾಗಿಲು ನಿನಗೆ ಮುಚ್ಚಲ್ಲ.”

ಮೆಕಾಂಗ್ ಹೊಳೆಯ ಥಾಯ್ ದಡದ ಕೆಸರಿನಲ್ಲಿ ಕೂತು ನನ್ನ ಮಾವ ಈ ಮಾತು ಹೇಳಿದ್ದು ನನ್ನ ಎಂಟು ತಿಂಗಳ ಮಗಳಿಗೆ. ಆಗ ಅವರಿಗೆ ಮನೆಯೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಹನ್ನೊಂದು ದಿನ ಕಾಡಿನಲ್ಲಿ ನಡೆದು ಬಂದಿದ್ದೆವು. ಲಾವೋಸಿನ ಗುಡ್ಡಗಳಲ್ಲಿ ಅಮೆರಿಕದವರ ಪರವಾಗಿ ಬಂದೂಕು ಹಿಡಿದವರು ನಮ್ಮ ಮೊಂಗ್ ಬುಡಕಟ್ಟಿನ ಗಂಡಸರು. ಅಮೆರಿಕದವರು ವಿಮಾನ ಹತ್ತಿ ಹೋದರು. ಯುದ್ಧ ಗೆದ್ದವರು ನಮ್ಮನ್ನು ಹುಡುಕಿಕೊಂಡು ಬಂದರು. ಹೊಳೆಯ ಆಚೆ ದಡದ ಬಿದಿರುಮೆಳೆಯಲ್ಲಿ ಅಡಗಿ ಕೂತಿದ್ದಾಗ ಮಗು ಅಳಲು ಶುರುಮಾಡಿತು. ಇಪ್ಪತ್ತೆರಡು ಜನರ ಪ್ರಾಣ ಒಂದು ಕೂಸಿನ ಗಂಟಲಲ್ಲಿತ್ತು. ಮಾವ ಹೆಬ್ಬೆರಳ ಉಗುರಿನ ತುದಿಯಲ್ಲಿ ಅಫೀಮು ಅಳೆದು, ನೀರಿನಲ್ಲಿ ಕದಡಿ, ಅದರ ನಾಲಿಗೆಗೆ ಹಚ್ಚಿದರು. ಅಳತೆ ತಪ್ಪಿತು. ಬಿದಿರಿನ ತೆಪ್ಪ ಈಚೆ ದಡ ಮುಟ್ಟುವಷ್ಟರಲ್ಲಿ ಮಗು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಜೊತೆಯವರು ‘ಇಲ್ಲೇ ಬಿಟ್ಟು ನಡೀರಿ’ ಎಂದರು. ಮಾವ ಅಂಗಿ ಬಿಚ್ಚಿ ಅದನ್ನು ಎದೆಗೆ ಒತ್ತಿಕೊಂಡು ಕೂತುಬಿಟ್ಟರು. ನಾನು ಸ್ವಲ್ಪ ದೂರದಲ್ಲಿ ಲಂಗ ಹಿಂಡುತ್ತಿದ್ದೆ. ನನಗೆ ಕೇಳಿಸಲಿಲ್ಲ ಎಂದುಕೊಂಡಿದ್ದರು.

ಹೊತ್ತು ಮೂಡುವಾಗ ಮಗು ಕಣ್ಣು ಬಿಟ್ಟಿತು. ಅಲ್ಲಿಯವರೆಗೆ ಅದರ ಹೆಸರು ಕೀಯಾ. ಅಂದೇ ಮಾವ ಜುವಾ ಎಂದು ಬೇರೆ ಹೆಸರಿಟ್ಟರು, ಸಾವಿಗೆ ವಿಳಾಸ ತಪ್ಪಲಿ ಎಂದು. ಹಳೆಯ ಹೆಸರನ್ನು ಯಾರೂ ಎತ್ತಬಾರದು ಎಂದರು. ಯಾರೂ ಎತ್ತಲಿಲ್ಲ.

ಇದಾಗಿ ಇಪ್ಪತ್ತೈದು ವರ್ಷ. ಈಗ ನಾವಿರುವುದು ಮಿನೆಸೋಟದ ಸೇಂಟ್ ಪಾಲ್ ಊರಲ್ಲಿ. ನನ್ನ ಗಂಡ ನೆಂಗ್ ಶಾಲೆ ಬಸ್ಸು ಓಡಿಸುತ್ತಾರೆ. ನಾನು ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮಾಡುತ್ತೇನೆ. ಚಿಕ್ಕವಳು ಮೀ ಇಲ್ಲೇ ಹುಟ್ಟಿದವಳು, ಹದಿನಾರು ವರ್ಷ, ನಾಲಿಗೆಗೆ ಅರವತ್ತು. ಖಾಂಗ್ ಕುಲದ ನಮ್ಮ ಮನೆಗೆ ಮಾವ ನಿಯಾ ಶುವಾ ಹಿರಿಯರು. ಗೋಡೆಗೆ ಅಂಟಿಸಿದ ಮನೆದೇವರ ಕಾಗದ, ಅದಕ್ಕೆ ಮೆತ್ತಿದ ಚಿನ್ನದ ವರಕು, ಕೋಳಿಪುಕ್ಕ ಎಲ್ಲ ಅವರದೇ ಉಸ್ತುವಾರಿ.

ಜುವಾಳನ್ನು ನಾಲ್ಕು ವರ್ಷದ ಹಿಂದೆ ಮೌವಾ ಕುಲದ ಹುಡುಗನಿಗೆ ಕೊಟ್ಟಿದ್ದೆವು. ಈ ಬೇಸಿಗೆಯಲ್ಲಿ ಅವನು ಇನ್ನೊಬ್ಬಳನ್ನು ಕರೆತಂದು ಅದೇ ಮನೆಯಲ್ಲಿ ಕೂರಿಸಿದ. ಜುವಾ ಒಂದು ದಿನವೂ ಸಹಿಸಲಿಲ್ಲ. ಎರಡೂ ಕುಲದ ಹಿರಿಯರು ಎರಡು ಸಲ ಪಂಚಾಯಿತಿ ಮಾಡಿದರು. ಕೊನೆಗೆ ಮೌವಾದವರು, “ಅವಳೂ ಬೇಡ, ಅವಳ ಹೊಟ್ಟೇಲಿರೋದೂ ಬೇಡ” ಎಂದು ಎದ್ದುಹೋದರು. ಹೆರಿಗೆಗೆ ಎರಡು ವಾರವಿರುವಾಗ ಜುವಾ ನಮ್ಮಲ್ಲಿಗೆ ಬಂದಳು. ಆಗ ಮಾವ ಒಳಗೆ ಬಿಟ್ಟರು: ಬಸುರಿ ನೆಂಟಳು, ಉಣ್ಣಲಿ. ಹೆತ್ತ ಮೇಲೆ ಮಾತು ಬೇರೆಯಾಯಿತು.

ನವೆಂಬರ್ ಮೂರರಂದು ಆಸ್ಪತ್ರೆಯಿಂದ ಹೆಣ್ಣುಕೂಸನ್ನು ಎತ್ತಿಕೊಂಡು ಬಂದರೆ, ಮಾವ ಮುಂಬಾಗಿಲಲ್ಲಿ ಎರಡೂ ಕೈ ಚೌಕಟ್ಟಿಗೆ ಕೊಟ್ಟು ನಿಂತಿದ್ದಾರೆ.

“ತಾತ, ಸ್ವಲ್ಪ ಸರೀರಿ, ಪಾಪುಗೆ ಚಳಿ,” ಎಂದಳು ಮೀ.

“ಬಾಣಂತಿ ತಿಂಗಳು ತುಂಬೋವರೆಗೆ ಬೇರೆಯವರ ಹೊಸ್ತಿಲು ತುಳಿಯೋ ಹಾಗಿಲ್ಲ.”

“ಬೇರೆಯವರದ್ದು ಯಾವುದು? ಇದು ನಮ್ಮನೆ.”

“ನಿನಗೆ ನಮ್ಮನೆ. ಇವಳನ್ನ ಕೊಟ್ಟಾಗಿದೆ. ಮೌವಾ ಮನೆ ಬಾಗಿಲಲ್ಲಿ ಮದುವೆ ದಿನ ಇವಳ ತಲೆ ಮೇಲೆ ಹುಂಜ ನಿವಾಳಿಸಿದಾಗಲೇ ಇವಳು ಅವರ ದೇವರ ಪಾಲಾದಳು.”

“ಅವರು ವಾಪಸ್ ಕಳಿಸಿದಾರಲ್ಲ, ತಾತ,” ಎಂದಳು ಜುವಾ. ಅವಳು ಕಾರಿನ ಬಾಗಿಲಿಗೆ ಒರಗಿ ನಿಂತಿದ್ದಳು. ಮುಖ ಸುಣ್ಣವಾಗಿತ್ತು.

“ಮನುಷ್ಯರು ಕಳಿಸ್ತಾರೆ ಮಗಾ. ಕಳಿಸಿದ್ದನ್ನ ಇಟ್ಕೊಳ್ಳೋಕೆ ನಮ್ಮ ದೇವರು ಒಪ್ಪಬೇಕಲ್ಲ. ಒಪ್ಪದೆ ಇದ್ರೆ ಮನೇಲಿ ಯಾರಾದ್ರೂ ಬೀಳ್ತಾರೆ. ಯಾರು ಬೀಳಬೇಕು ಹೇಳು. ನಿಮ್ಮಪ್ಪನಾ? ಈ ನಿನ್ನ ತಂಗಿನಾ?”

“ಹಾಗಾದ್ರೆ ನಾನು ಯಾರ ಮನೆಯವಳು?”

ಮಾವ, “ಊರಲ್ಲಾಗಿದ್ರೆ ಗೋಡೆಗೆ ಆನಿಸಿ ಒಂದು ಗುಡಿಸಲು ಹಾಕಿಕೊಡ್ತಿದ್ವಿ,” ಎಂದರು.

“ಇಲ್ಲಿ ಗುಡಿಸಲು ಹಾಕಿದ್ರೆ ನಗರಸಭೆಯವರು ಬಂದು ಕೀಳ್ತಾರೆ ಅಪ್ಪ,” ಎಂದರು ನೆಂಗ್.

“ಗ್ಯಾರೇಜು ಗೋಡೆಗೆ ಆನಿಕೊಂಡೇ ಇದೆಯಲ್ಲ,” ಎಂದಳು ಜುವಾ. “ಅಲ್ಲೇ ಇರ್ತೀನಿ.”

ಮೀ ರೇಗಿದಳು. “ಏನಕ್ಕಾ, ನೀನೇನು ಕಾರಾ? ನಡಿ, ಮೋಟೆಲಿಗೆ ಹೋಗೋಣ.”

“ಮೋಟೆಲಿಗೆ ಹೋದ್ರೆ ನಾನೇ ಹೋದ ಹಾಗೆ. ಗ್ಯಾರೇಜಲ್ಲಿದ್ರೆ ಇವರು ಇರಿಸಿದ ಹಾಗೆ. ದಿನಾ ನೋಡಲಿ.”

ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಹೌದು ಎಂದುಕೊಂಡೆ.

ನೆಂಗ್ ಕಾರು ಬೀದಿಗೆ ತಂದು ನಿಲ್ಲಿಸಿದರು. ಗ್ಯಾರೇಜಿನ ಗೋಡೆಗೆ ಹಳೆಯ ಕಂಬಳಿಗಳನ್ನು ಮೊಳೆ ಹೊಡೆದರು, ನೆಲಕ್ಕೆ ಜಮಖಾನೆ ಹಾಸಿದರು, ಎರಡು ಹೀಟರು ತಂದರು. ಮಂಚ ನಾನೂ ಮೀಯೂ ಹೊತ್ತು ತಂದೆವು. ಸಂಜೆಯ ಹೊತ್ತಿಗೆ ಅಲ್ಲಿ ಬರಿಗಾಲಲ್ಲಿ ಓಡಾಡುವಷ್ಟು ಬೆಚ್ಚಗಾಯಿತು. ನಾನು ನನ್ನ ದಿಂಬನ್ನೂ ತಂದು ಮಗಳ ಮಗ್ಗುಲಲ್ಲಿ ಹಾಕಿಕೊಂಡೆ.

“ನೀನ್ಯಾಕೆ?” ಎಂದರು ನೆಂಗ್.

“ಬಾಣಂತನ ಯಾರು ಮಾಡ್ತಾರೆ ರೀ? ನೀವಾ?”

ಬಿಸಿನೀರು ತರಲೆಂದು ಒಳಗೆ ಹೋದರೆ ಮುಂಬಾಗಿಲು ಹಾರು ಹೊಡೆದಿತ್ತು. ಮಾವ ಅದಕ್ಕೆ ಐವತ್ತು ಪೌಂಡಿನ ಅಕ್ಕಿಚೀಲ ಅಡ್ಡ ಇಟ್ಟಿದ್ದರು. ತಾವು ಕೋಟು, ಉಣ್ಣೆಟೋಪಿ ಹಾಕಿಕೊಂಡು ಎದುರಿಗೆ ಕುರ್ಚಿಯಲ್ಲಿ ಕೂತಿದ್ದರು.

“ಅಪ್ಪ, ಬಾಗಿಲು ಹಾಕಿ. ಶಾಖವೆಲ್ಲ ಬೀದಿಗೆ ಹೋಗ್ತಿದೆ,” ಎಂದರು ನನ್ನ ಹಿಂದೆ ಬಂದ ನೆಂಗ್.

“ಹಾಕಲ್ಲ.”

“ಯಾಕೆ?”

“ನನ್ನ ಬಾಗಿಲು.”

ನೆಂಗ್ ನನ್ನ ಮುಖ ನೋಡಿದರು. ಅಪ್ಪನಿಗೆ ಅರಳುಮರಳು ಶುರುವಾಯಿತು ಎಂದು ಅವರ ಎಣಿಕೆ. ನನಗೆ ಮಾತ್ರ ಗೊತ್ತಾಯಿತು. ಮುಚ್ಚುವುದಿಲ್ಲ ಎಂದಿದ್ದರು, ಮುಚ್ಚಿಲ್ಲ. ಒಳಗೆ ಕರೆಯುತ್ತೇನೆ ಎಂದು ಹೇಳಿರಲಿಲ್ಲವಲ್ಲ! ಮುದುಕ ದೇವರಿಗೂ ತಪ್ಪಬಾರದು, ಹೊಳೆ ದಡದ ಮಾತಿಗೂ ತಪ್ಪಬಾರದು ಎಂದು ನಡುವೆ ಅಕ್ಕಿಚೀಲ ಇಟ್ಟುಕೊಂಡು ಕೂತಿದ್ದರು. ನನಗೆ ನಗು ಬಂತು, ಮೈಯೂ ಉರಿಯಿತು. ನೀರು ತೆಗೆದುಕೊಂಡು ಗ್ಯಾರೇಜಿಗೆ ಬಂದೆ.

ನಮ್ಮಲ್ಲಿ ಬಾಣಂತಿಗೆ ಮೂವತ್ತು ದಿನವೂ ಒಂದೇ ಊಟ: ಸೊಪ್ಪುಬೇರು ಹಾಕಿ ಕುದಿಸಿದ ಕೋಳಿ, ಬಿಸಿ ಅನ್ನ, ಬಿಸಿ ನೀರು. ಆ ಸೊಪ್ಪುಗಳನ್ನು ನಾನು ಬಕೆಟ್ಟುಗಳಲ್ಲಿ ಬೆಳೆಸಿದ್ದೆ. ಕೋಳಿ ತರುವ ಕೆಲಸ ಮಾವ ಯಾರಿಗೂ ಬಿಡಲಿಲ್ಲ. ಊರಾಚೆಯ ಫಾರಮ್ಮಿನಿಂದ ನಾಟಿಕೋಳಿಗಳನ್ನು ಅವರೇ ಆರಿಸಿ ತಂದರು. ಕೊಯ್ದು, ಪುಕ್ಕ ತರಿದು, ಚೊಕ್ಕಮಾಡಿ, ದಿನಕ್ಕೊಂದರಂತೆ ಗ್ಯಾರೇಜಿನ ಬಾಗಿಲ ಬಳಿ ಸ್ಟೂಲಿನ ಮೇಲಿಟ್ಟು, ಎರಡು ಸಲ ತಟ್ಟಿ ಹೋಗುತ್ತಿದ್ದರು. ಬಾಗಿಲು ತೆರೆಯುವಷ್ಟರಲ್ಲಿ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

“ಕೋಳಿ ಬಂತು,” ಎನ್ನುತ್ತಿದ್ದಳು ಮೀ. “ತಂದವರು ಯಾರೋ ಗೊತ್ತಿಲ್ಲ. ದೇವರೇ ಇರಬೇಕು.”

“ಸುಮ್ನಿರೇ,” ಎಂದೆ.

“ಒಳಗೆ ಬಿಡಲ್ವಂತೆ, ಕೋಳಿ ಕೊಡ್ತಾರಂತೆ. ಅಕ್ಕಾ, ತಿನ್ನಬೇಡ ಕಣೆ, ಉಪವಾಸ ಹೂಡು.”

“ಯಾಕೆ ಬಿಡಲಿ? ನನ್ನ ಕೋಳಿ,” ಎಂದಳು ಜುವಾ, ಕೋಳಿಕಾಲು ಕಚ್ಚಿ ಎಳೆಯುತ್ತ. “ತಿಂದು ಗಟ್ಟಿಯಾಗಿಯೇ ಜಗಳ ಆಡ್ತೀನಿ.”

ಮನೆಯೊಳಗಿನ ಅಡುಗೆಮನೆಯಲ್ಲಿ ಎಣ್ಣೆ ಹೆಪ್ಪುಗಟ್ಟತೊಡಗಿತು. ನಾಲ್ಕನೆಯ ದಿನ ಗ್ಯಾಸಿನ ಒಲೆ, ಅನ್ನ ಬೇಯಿಸುವ ಬುಟ್ಟಿ, ಒರಳು, ಮೆಣಸಿನಕಾಯಿ ಡಬ್ಬಿ ಎಲ್ಲವನ್ನೂ ಗ್ಯಾರೇಜಿಗೆ ತಂದೆ. ಒಲೆಯ ಹಿಂದೆಯೇ ಮೀ ಬಂದಳು, ಪುಸ್ತಕದ ಚೀಲ, ಹೊದಿಕೆ ಸಮೇತ. ನೆಂಗ್ ಇನ್ನೆರಡು ದಿನ ಅಪ್ಪನ ಜೊತೆ ಒಳಗೇ ಇದ್ದು, ಮೂಗು ಸೋರಿಸಿಕೊಂಡು ಏಳನೆಯ ದಿನ ಬಂದರು.

“ಅಪ್ಪ ಒಬ್ಬರೇ ಆಗ್ತಾರೆ,” ಎಂದರು, ಹೊದಿಕೆ ಹಾಸುತ್ತ.

“ಆಗಲಿ. ಬಾಗಿಲು ತೆಗೆದೇ ಇದೆಯಲ್ಲ, ಬೇಕಾದ್ರೆ ಬರ್ತಾರೆ,” ಎಂದೆ.

ಊಟ ಮಾತ್ರ ಅವರಿಗೆ ತಪ್ಪಿಸಲಿಲ್ಲ. ಅನ್ನ, ಸಾಸಿವೆ ಸೊಪ್ಪು, ಮೆಣಸಿನ ಚಟ್ನಿ ತಟ್ಟೆಗೆ ಹಾಕಿ ಮೀ ಕೈಯಲ್ಲಿ ಕಳಿಸುತ್ತಿದ್ದೆ. ಅವರು ಕೇಳುತ್ತಿದ್ದುದು ದಿನಾ ಒಂದೇ: “ಹಾಲು ಇಳಿದಿದೆಯಂತಾ?” ಮೀ ಹೇಳುತ್ತಿದ್ದುದೂ ಒಂದೇ: “ಬಂದು ನೀವೇ ಕೇಳಿ.” ಪಕ್ಕದ ಮನೆಯ ಬಿಳಿಯ ಮುದುಕಿ ಎರಡು ದಿನಕ್ಕೊಮ್ಮೆ ಬಂದು, ನಿಮ್ಮ ಬಾಗಿಲು ತೆರೆದೇ ಇದೆ ಎಂದು ಹೇಳಿ ಹೋಗುತ್ತಿದ್ದಳು. ಮಾವ ಎದ್ದು ನಿಂತು ತಮಗೆ ಬರುವ ಒಂದೇ ಇಂಗ್ಲಿಷು ಹೇಳುತ್ತಿದ್ದರು: “ಥ್ಯಾಂಕ್ಯೂ.” ಮತ್ತೆ ಕೂರುತ್ತಿದ್ದರು.

ನನ್ನನ್ನು ಕೊರೆಯುತ್ತಿದ್ದುದು ಚಳಿಯಲ್ಲ. ಹುಟ್ಟಿದ ಮೂರನೆಯ ದಿನ ಮಗುವಿನ ಜೀವವನ್ನು ಕರೆಯಬೇಕು. ಮನೆಯ ಹಿರಿಯ ಬಾಗಿಲಲ್ಲಿ ನಿಂತು, ಬಾ ಇದು ನಿನ್ನ ಮನೆ ಎಂದು ಹೆಸರಿಟ್ಟು ಕೂಗಬೇಕು. ಹದಿನೈದು ದಿನವಾದರೂ ನಮ್ಮ ಕೂಸನ್ನು ಯಾರೂ ಕೂಗಿರಲಿಲ್ಲ. ಅದಕ್ಕೆ ಹೆಸರಿಲ್ಲ, ಕುಲವಿಲ್ಲ. ನಾಳೆ ಏನಾದರೂ ಆದರೆ ಅದನ್ನೂ ಅದರ ತಾಯಿಯನ್ನೂ ಕಳಿಸಿಕೊಡುವುದಕ್ಕೆ ಒಂದು ಮನೆಯಿಲ್ಲ. ಹಾಗೆ ಸತ್ತ ಹೆಂಗಸರನ್ನು ನಾನು ಥಾಯ್ ದಡದ ನಿರಾಶ್ರಿತರ ಶಿಬಿರದಲ್ಲಿ ನೋಡಿದ್ದೆ. ಗಂಡನ ಮನೆಯವರು ಬರಲಿಲ್ಲ, ತವರಿನವರು ಒಳಗೆ ತರಲಿಲ್ಲ, ಹೆಣ ಎರಡು ಗುಡಿಸಲ ನಡುವಿನ ಓಣಿಯಲ್ಲಿ ಮಳೆಗೆ ನೆನೆಯಿತು.

ಮೂರನೆಯ ವಾರ ಹಿಮ ಬಿತ್ತು. ಮೀ ಶಾಲೆಯಿಂದ ಬಂದವಳು ಮನೆಯೊಳಗೆ ಇಣುಕಿ ಓಡಿ ಬಂದಳು.

“ಅಮ್ಮಾ, ತಾತನ ಚಪ್ಪಲಿ ಮೇಲೆ ಹಿಮ ಬಿದ್ದಿದೆ. ಮನೆ ಒಳಗೆ!”

ಹೋಗಿ ನೋಡಿದೆ. ನಡುಮನೆಯ ಜಮಖಾನೆಯ ಮೇಲೆ ಒಂದು ಗೇಣು ಬೆಳ್ಳಗಾಗಿತ್ತು. ಮಾವ ಸಣ್ಣ ಪೊರಕೆಯಿಂದ ಅದನ್ನು ಹೊರಗೆ ಗುಡಿಸುತ್ತಿದ್ದರು. ಕೆಮ್ಮು ಹಿಡಿದಿತ್ತು. ಪೊರಕೆ ಕಿತ್ತುಕೊಂಡು ನಾನೇ ಗುಡಿಸಿದೆ.

“ಹೀಗೆ ಕೂತರೆ ಸಾಯ್ತೀರಿ, ಮಾವ.”

“ಎಪ್ಪತ್ತೊಂದಾಯ್ತು. ಸಾಯೋದೇ.”

“ಸಾಯೋದಕ್ಕೂ ಹಟ ಬೇಕಾ?”

“ನಿನಗಿಂತ ಕಡಿಮೆ.” ಅವರು ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡರು. ಆಮೇಲೆ ತಣ್ಣಗೆ ಹೇಳಿದರು: “ನೋಡು ಬ್ಲಿಯಾ, ಇನ್ನು ಹತ್ತು ದಿನ. ತಿಂಗಳು ತುಂಬಿದ ಮೇಲೆ ದೇವರ ಅಡ್ಡಿ ಇಲ್ಲ. ಬರಲಿ, ಉಣ್ಣಲಿ, ಮೇಲಿನ ಕೋಣೇಲಿ ಮಲಗಲಿ.”

“ಏನಾಗಿ?”

“ಏನಾಗಿ ಅಂದ್ರೆ?”

“ಮಗಳಾಗಿಯೋ, ನೆಂಟಳಾಗಿಯೋ?”

ಮಾವ ತಲೆ ತಗ್ಗಿಸಿದರು. “ಕೊಟ್ಟ ಹೆಣ್ಣು ನೆಂಟಳೇ. ನೀನೂ ನಿನ್ನ ತವರಿಗೆ ನೆಂಟಳೇ ಅಲ್ವಾ.”

“ನನಗೆ ಈ ಮನೆ ಇದೆ. ಅವಳಿಗೆ ಯಾವುದಿದೆ?”

ಗ್ಯಾರೇಜಿಗೆ ಬಂದು ಈ ಮಾತು ಜುವಾಗೆ ಹೇಳಿದೆ. ಅವಳು ಕೂಸಿಗೆ ಬಟ್ಟೆ ಸುತ್ತುತ್ತಿದ್ದಳು.

“ನೆಂಟಳಾಗಿ ಬರಲ್ಲಮ್ಮ. ತಿಂಗಳು ತುಂಬಲಿ, ವರ್ಷ ತುಂಬಲಿ. ಇವಳ ಹೆಸರು ಕೂಗಿ ಕರೆದ್ರೆ ಬರ್ತೀನಿ. ಇಲ್ಲಾಂದ್ರೆ ಇವಳು ಇಲ್ಲೇ ನಡೆಯೋದು ಕಲೀತಾಳೆ.”

“ಹಟ ಒಳ್ಳೇದಲ್ಲ ಕಣೆ,” ಎಂದರು ನೆಂಗ್.

“ಒಳ್ಳೆಯವರಾಗಿದ್ದು ಏನು ಸಿಕ್ತು, ಅಪ್ಪ? ಮೌವಾ ಮನೇಲಿ ನಾಲ್ಕು ವರ್ಷ ಒಳ್ಳೆಯವಳಾಗಿದ್ದೆ.”

ನೆಂಗ್ ಅನ್ನದ ಬುಟ್ಟಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದರು. ಮಾತು ಸಾಲದಿದ್ದಾಗ ಅವರು ಮಾಡುವುದು ಅದನ್ನೇ. ಆಮೇಲೆ, “ನಾನೂ ಇಲ್ಲೇ ಇರ್ತೀನಿ ಹಾಗಾದ್ರೆ,” ಎಂದರು.

ತಿಂಗಳು ತುಂಬಲು ನಾಲ್ಕು ದಿನವಿರುವಾಗ ನಮ್ಮ ಹೊಸ ವರ್ಷ ಬಂತು. ಅಂದು ಮನೆದೇವರ ಕಾಗದ ಬದಲಿಸಬೇಕು, ಮನೆಯವರೆಲ್ಲರ ಜೀವಗಳನ್ನು ವರ್ಷಕ್ಕೊಮ್ಮೆ ಮನೆಗೆ ಕರೆಯಬೇಕು. ಮಧ್ಯಾಹ್ನ ಮಾವ ಮುಂಬಾಗಿಲಲ್ಲಿ ಸಣ್ಣ ಮೇಜು ಹಾಕಿದರು. ಊದುಬತ್ತಿ, ಒಂದು ಜೋಡಿ ಕೋಳಿ, ಜೀವ ಬಂತೋ ಇಲ್ಲವೋ ಎಂದು ಕೇಳುವ ಎಮ್ಮೆಕೊಂಬಿನ ಎರಡು ಹೋಳು.

“ಬ್ಲಿಯಾ, ಅಕ್ಕಿ ಮೊಟ್ಟೆ ತಾ.”

ಬಟ್ಟಲು ತುಂಬ ಅಕ್ಕಿ ಹಾಕಿ, ಅದರ ಮೇಲೆ ತಲೆಗೊಂದರಂತೆ ಮೊಟ್ಟೆ ಇಡಬೇಕು. ನಾನು ಆರು ಇಟ್ಟು ತಂದೆ. ಮಾವ ನೋಡಿದರು. ಎರಡನ್ನು ತೆಗೆದು ಪಕ್ಕಕ್ಕಿಟ್ಟರು. ನಾನು ಅವನ್ನು ಎತ್ತಿ ಮತ್ತೆ ಅಕ್ಕಿಯಲ್ಲಿ ಇಟ್ಟೆ.

“ದೇವರ ಕೆಲಸ ಇದು. ಹಟ ಬೇಡ.”

“ಹಟಾನೇ, ಮಾವ.”

ಅವರು ಎರಡನ್ನೂ ಮತ್ತೆ ತೆಗೆದು ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡರು. ನಾನು ಮೆಟ್ಟಿಲಿಳಿದು ಅಂಗಳಕ್ಕೆ ಬಂದೆ. ನೆಂಗ್, ಮೀ ಅಲ್ಲೇ ನಿಂತಿದ್ದರು. ಜುವಾ ತಲೆಗೆ ಬಟ್ಟೆ ಸುತ್ತಿ, ಕೂಸನ್ನು ಬೆನ್ನಿಗೆ ಕಟ್ಟಿ ಹೊದಿಕೆ ಹೊದ್ದು, ಗ್ಯಾರೇಜಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಮಾವ ಬೀದಿಯ ಕಡೆ ಮುಖಮಾಡಿ ಕರೆಯತೊಡಗಿದರು. ಕೆಮ್ಮಿದ್ದರೂ ದನಿ ಕಂಚಿನ ಹಾಗಿತ್ತು. “ನೆಂಗ್, ಬಾ, ಬಸ್ಸಿನ ದಾರಿ ಬಿಟ್ಟು ಬಾ, ಇಲ್ಲಿ ಅನ್ನ ಇದೆ. ಬ್ಲಿಯಾ, ಬಾ, ಬಟ್ಟೆಯ ರಾಶಿ ಬಿಟ್ಟು ಬಾ, ಇಲ್ಲಿ ಬೆಂಕಿ ಇದೆ. ಮೀ, ಬಾ…” ತಮ್ಮ ಜೀವವನ್ನೂ ಕರೆದುಕೊಂಡರು. ಕೊಂಬಿನ ಹೋಳುಗಳನ್ನು ಎಸೆದರು. ಬೇಕಾದ ಹಾಗೆ ಬೀಳಲಿಲ್ಲ. ಮತ್ತೆ ಕರೆದು ಎಸೆದರು. ಇಲ್ಲ. ಮೂರನೆಯ ಸಲವೂ ಇಲ್ಲ. ಹಣೆಯ ಮೇಲೆ ಆ ಚಳಿಯಲ್ಲೂ ಬೆವರು ಬಂತು.

“ಯಾರ ಜೀವ ಬರ್ತಾ ಇಲ್ಲ?” ಎಂದು ತಮ್ಮಷ್ಟಕ್ಕೆ ಗೊಣಗಿದರು.

“ನಂದು,” ಎಂದೆ.

ಅವರು ತಲೆಯೆತ್ತಿದರು.

“ನನ್ನದೂ, ಅಪ್ಪ,” ಎಂದರು ನೆಂಗ್. ಆ ಮನುಷ್ಯ ಅಪ್ಪನಿಗೆ ಎದುರು ಹೇಳಿದ್ದು ಮೊದಲ ಸಲ.

“ನಂದೂ ಬರಲ್ಲ ತಾತ,” ಎಂದಳು ಮೀ. “ಒಲೆ ಇರೋ ಕಡೆ ಇದೆ ನಂದು. ಅಲ್ಲಿ ಬೆಚ್ಚಗಿದೆ.”

“ತಮಾಷೆನಾ ಇದು?”

“ಅಲ್ಲ, ಮಾವ,” ಎಂದೆ. ಇಪ್ಪತ್ತೈದು ವರ್ಷ ಬಾಯಿ ಬಿಗಿಹಿಡಿದವಳು ಆಗ ಬಿಟ್ಟೆ. “ಹೊಳೆ ದಡದಲ್ಲಿ ನೀವು ಆಡಿದ ಮಾತು ನನಗೆ ಕೇಳಿಸಿತ್ತು. ಕಣ್ಣು ಬಿಡು, ಬಾಗಿಲು ಮುಚ್ಚಲ್ಲ ಅಂದಿರಿ. ಅವಳು ಕಣ್ಣು ಬಿಟ್ಟಳು. ಅವಳ ಪಾಲಿನ ಕೆಲಸ ಅವಳು ಮಾಡಿದಳು. ನೀವು ಅಕ್ಕಿಚೀಲ ಇಟ್ಟು ಕೂತಿದೀರಿ. ಅಕ್ಕಿಚೀಲಕ್ಕೆ ಮಾತು ಕೊಟ್ಟಿದ್ರಾ?”

“ಯಾವ ಹೊಳೆ? ಏನು ಮಾತು?” ಎಂದಳು ಜುವಾ, ಹಿಮದಲ್ಲಿ ನಾಲ್ಕು ಹೆಜ್ಜೆ ಮುಂದೆ ಬಂದು.

ನಾನು ಮಾವನ ಕಡೆ ಕೈ ತೋರಿಸಿದೆ. ಅದನ್ನು ಹೇಳುವುದು ನನ್ನ ಕೆಲಸವಲ್ಲ.

ಮಾವ ತಮ್ಮ ಹೆಬ್ಬೆರಳು ನೋಡಿಕೊಂಡರು. “ನೀನು ಅಳ್ತಾ ಇದ್ದೆ,” ಎಂದರು. “ಅಫೀಮು ಕೊಟ್ಟೆ. ನಿಮ್ಮಪ್ಪ ಅಲ್ಲ, ನಿಮ್ಮಮ್ಮ ಅಲ್ಲ. ನಾನು. ಜಾಸ್ತಿ ಆಯ್ತು. ಹೊಳೆ ದಾಟಿದಾಗ ನೀನು ಸತ್ತಹಾಗೇ ಇದ್ದೆ.”

ಬೀದಿಯಲ್ಲಿ ಒಂದು ಕಾರು ಹಾದುಹೋಯಿತು. ಬೆನ್ನಿನ ಮೇಲಿನ ಕೂಸು ಮುಲುಗಿತು. ಜುವಾ ಕೈ ಹಿಂದೆ ಮಾಡಿ ಅದನ್ನು ತಟ್ಟಿದಳು.

“ಎದ್ದೆನಲ್ಲ,” ಎಂದಳು.

“ಎದ್ದೆ.”

“ಹಾಗಾದ್ರೆ ಇನ್ನೇನು ಲೆಕ್ಕ ಹಾಕ್ತಾ ಇದೀರಿ?”

“ದೇವರು ಮುನಿದರೆ?”

“ಮುನಿದರೆ ನನ್ನ ಮೇಲೆ ಮುನೀಲಿ,” ಎಂದೆ. “ಸೈನಿಕರ ಕೈಗೆ ಸಿಗದೆ ಬಂದವಳು ನಾನು. ಕಾಗದದ ಮೇಲಿನ ದೇವರಿಗೆ ಎಷ್ಟು ಹೆದರಲಿ?”

“ಬಾಯಿ ಮುಚ್ಚು,” ಎಂದರು ಮಾವ. ಆದರೆ ಕೈ ಜೇಬಿಗೆ ಹೋಯಿತು. ಒಂದು ಮೊಟ್ಟೆ ಬಂತು. ಇನ್ನೊಂದೂ ಬಂತು, ಸಿಪ್ಪೆ ಸ್ವಲ್ಪ ಬಿರುಕು ಬಿಟ್ಟಿತ್ತು. ಎರಡನ್ನೂ ಅಕ್ಕಿಯಲ್ಲಿ ಊರಿದರು. ಹೊಸ ಊದುಬತ್ತಿ ಹಚ್ಚಿ ಬೀದಿಯ ಕಡೆ ತಿರುಗಿದರು.

“ಕೀಯಾ!”

ನೆಂಗ್ ನನ್ನ ತೋಳು ಹಿಡಿದುಕೊಂಡರು. ಆ ಹೆಸರು ಎತ್ತಕೂಡದು ಎಂದವರೇ ಎತ್ತಿದ್ದರು.

“ಕೀಯಾ, ಬಿದಿರುಮೆಳೆ ಬಿಟ್ಟು ಬಾ. ತೆಪ್ಪದಿಂದ ಇಳಿದು ಬಾ. ಹೊಳೆಯಲ್ಲಿ ಕೂತಿರಬೇಡ, ಯಾರೂ ನಿನ್ನ ಬಾಯಿ ಮುಚ್ಚಲ್ಲ, ಎಷ್ಟು ಬೇಕಾದ್ರೂ ಅಳು. ಶಿಬಿರದ ದಾರಿ ಹಿಡಿದು ಬಾ, ಬೇಲಿ ದಾಟಿ ಬಾ, ಸಮುದ್ರ ದಾಟಿ ಬಾ. ಜುವಾ, ಮೌವಾ ಮನೆ ಬಾಗಿಲು ಬಿಟ್ಟು ಬಾ. ಜುವಾಳ ಮಗಳೇ, ಹೆಸರಿಲ್ಲದವಳೇ, ನೀನೂ ಬಾ. ಖಾಂಗ್ ಕುಲದ ಮನೆ ಇದು. ನಿಮ್ಮ ಮನೆ. ಇಲ್ಲಿ ಅನ್ನ ಇದೆ, ಬೆಂಕಿ ಇದೆ…”

“ಬೆಂಕಿ ಗ್ಯಾರೇಜಲ್ಲಿದೆ,” ಎಂದು ಮೀ ಪಿಸುಗುಟ್ಟಿದಳು. ನಾನು ಅವಳ ತೊಡೆ ಚಿವುಟಿದೆ.

ಕೊಂಬಿನ ಹೋಳು ಎಸೆದರು. ಮೊದಲ ಸಲಕ್ಕೇ ಸರಿಯಾಗಿ ಬಿತ್ತು. ಮಾವ ಬಗ್ಗಿ ಎರಡು ಸಲ ನೋಡಿದರು, ಕಣ್ಣು ಮಂಜಲ್ಲವೇ. ಆಮೇಲೆ ಮೇಜು ಪಕ್ಕಕ್ಕೆ ಎಳೆದರು.

ಜುವಾ ಚಪ್ಪಲಿಯ ಹಿಮ ಕೊಡವಿ ಹೊಸ್ತಿಲು ದಾಟಿದಳು. ದಾಟುವಾಗ ಮಾವನ ಮುಖ ನೋಡಲಿಲ್ಲ. ಬೆನ್ನಿನ ಕೂಸು ಬಾಗಿಲಿಗೆ ತಾಗದಿರಲಿ ಎಂದು ಅವರು ಕೈ ಅಡ್ಡ ಹಿಡಿದಿದ್ದರು. ನೆಂಗ್ ಒಲೆ ತಂದರು. ಮೀ ಅನ್ನದ ಬುಟ್ಟಿ ತಂದಳು. ನಾನು ಕೊನೆಗೆ ಕೋಳಿಯ ಪಾತ್ರೆ ಹಿಡಿದು ಒಳಗೆ ಬಂದೆ.

“ಎಲ್ಲ ಬಂದಿರಾ?” ಎಂದರು ಮಾವ.

“ಬಂದ್ವಿ.”

ಅವರು ಕಾಲಿನಿಂದ ಅಕ್ಕಿಚೀಲ ಸರಿಸಿದರು. ಇಪ್ಪತ್ತೈದನೆಯ ದಿನ, ಮಧ್ಯಾಹ್ನ ಮೂರೂವರೆಗೆ, ಬಾಗಿಲು ಹಾಕಿದರು. ಕೊಟ್ಟ ಮಾತು ಉಳಿಯಿತು.